ಬೈಕಿನಲ್ಲಿ ಚಾರ್ಮಾಡಿ ಇಳಿಯಬಹುದಾ?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನ ಬಸವೇಶ್ವರನಗರದಲ್ಲಿ ಮನೆ. ಮೂರು ವರ್ಷದಿಂದ 350 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಆಫೀಸು, ಮನೆ ಬಿಟ್ಟರೆ ನಂದಿ ಬೆಟ್ಟಕ್ಕೆ ಎರಡು ಸಲ ಹೋಗಿದ್ದೇನೆ, ಅಷ್ಟೇ. ಹೆಂಡತಿಯ ತವರು ಉಜಿರೆ. ದೀಪಾವಳಿ ಆದ ಮೇಲೆ ಇಬ್ಬರೂ ಬೈಕಿನಲ್ಲೇ ಮೂಡಿಗೆರೆ, ಚಾರ್ಮಾಡಿ ದಾರಿಯಾಗಿ ಹೋಗಬೇಕೆಂಬ ಆಸೆ. ಆದರೆ ಕಳೆದ ಸಲ ನಂದಿ ಇಳಿಯುವಾಗ ಸುಟ್ಟ ವಾಸನೆ ಬಂತು. ಹಿಂದಿನ ಬ್ರೇಕಿನ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಸರ್ವಿಸ್‌ನಲ್ಲಿ ತೋರಿಸಿದರೆ ‘ಏನೂ ತೊಂದರೆ ಇಲ್ಲ’ ಅಂದರು. ಭಾವಮೈದ ‘ಘಾಟಿಯಲ್ಲಿ ಬೈಕ್ ಬೇಡ ಭಾವ, ಬಸ್ಸಲ್ಲಿ ಬನ್ನಿ’ ಅನ್ನುತ್ತಾನೆ. ಹೋಗಬಹುದಾ? ಶಿರಾಡಿ ಇನ್ನೂ ಸುಲಭವಾ?

ಉತ್ತರ: ಹೋಗಬಹುದು. ಆದರೆ ಈಗ ಓಡಿಸುವ ಹಾಗೆಯೇ ಓಡಿಸಿಕೊಂಡು ಹೋಗಬೇಡಿ. ನಂದಿಯಲ್ಲಿ ಆದದ್ದನ್ನು ನೀವು ಬರೆದು ತಿಳಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬೆಟ್ಟ ಹತ್ತುವಾಗ ಕಷ್ಟಪಡುವುದು ಇಂಜಿನ್. ಇಳಿಯುವಾಗ ಕಷ್ಟವೆಲ್ಲ ಬ್ರೇಕಿನದ್ದು. ಹತ್ತುವಾಗ ತಪ್ಪು ಮಾಡಿದರೆ ಗಾಡಿ ಆಫ್ ಆಗಿ ನಿಲ್ಲುತ್ತದೆ. ಇಳಿಯುವಾಗ ತಪ್ಪು ಮಾಡಿದರೆ ನಿಲ್ಲುವುದೇ ಇಲ್ಲ. ಹೊಸಬರು ಹೇರ್‌ಪಿನ್ ತಿರುವಿನಲ್ಲಿ ಹತ್ತುವುದು ಹೇಗೆ ಅಂತಲೇ ಕೇಳುತ್ತಾರೆ. ನೀವು ಇಳಿಯುವುದರ ಬಗ್ಗೆ ಕೇಳಿದ್ದೀರಿ, ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮ ಗಾಡಿ ಸುಮಾರು 195 ಕೆಜಿ. ನೀವಿಬ್ಬರು, ಹೆಲ್ಮೆಟ್ಟು, ಬ್ಯಾಗು ಸೇರಿ 145 ಕೆಜಿ ಅಂದುಕೊಳ್ಳೋಣ. ಒಟ್ಟು 340. ಇಷ್ಟು ಭಾರ 700 ಮೀಟರ್ ಎತ್ತರದಿಂದ ಕೆಳಗೆ ಬರುವಾಗ, ವೇಗ ಏರದ ಹಾಗೆ ತಡೆಯಬೇಕಾದ ಶಕ್ತಿಯೆಲ್ಲ ಬಿಸಿಯಾಗಿ ಎಲ್ಲಾದರೂ ಹೋಗಬೇಕು. ಆ ಬಿಸಿ ಏಳು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗಾಳಿ ಸ್ವಲ್ಪ ಪಾಲು ಎಳೆದುಕೊಳ್ಳುತ್ತದೆ. ಉಳಿದದ್ದು ಒಂದೋ ಇಂಜಿನ್ನಿಗೆ ಹೋಗಬೇಕು, ಇಲ್ಲ ಬ್ರೇಕಿಗೆ. ನೀವು ನಂದಿಯಲ್ಲಿ ಅದನ್ನೆಲ್ಲ ಗೇಣಗಲದ ಒಂದು ಹಿಂದಿನ ಡಿಸ್ಕಿಗೆ ಕೊಟ್ಟಿರಿ. ಪೂರ್ತಿ ಇಳಿಜಾರು ಪೆಡಲ್ ಮೇಲೆ ಕಾಲು ಇಟ್ಟೇ ಇಳಿದಿರಬೇಕು, ಅಲ್ವಾ? ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕ್ಲಚ್ ಹಿಡಿದು, ಕಾಲು ಬ್ರೇಕಿನ ಮೇಲಿಟ್ಟು ತೆವಳುವ ಅಭ್ಯಾಸ ನಮಗೆಲ್ಲ ಇದೆ. ಬೆಟ್ಟದಲ್ಲೂ ಕೈಕಾಲು ಅದನ್ನೇ ಮಾಡುತ್ತದೆ.

ಸುಟ್ಟ ವಾಸನೆ ಬ್ರೇಕ್ ಪ್ಯಾಡಿನದ್ದು. ಪೆಡಲ್ ಮೆತ್ತಗಾಗಿದ್ದು ಬೇರೆ ಕಾರಣಕ್ಕೆ, ಅದು ಬ್ರೇಕ್ ಆಯಿಲ್ ಕುದಿದದ್ದು. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬಿಸಿ ಬೇಕು. ನೀರು ಸೇರಿ ಹಳತಾದ ಮೇಲೆ ಅದು 155ರ ತನಕ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ಲನ್ನು ಒತ್ತಿದರೆ ಅದು ಪ್ಯಾಡನ್ನು ತಳ್ಳುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತದೆ, ಪ್ಯಾಡಿಗೆ ಏನೂ ತಲುಪುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಮಾಯ, ಪೆಡಲ್ ಮತ್ತೆ ಗಟ್ಟಿ. ಸರ್ವಿಸ್‌ನವರ ಕಣ್ಣಿಗೆ ಏನೂ ಕಾಣದಿದ್ದದ್ದು ಇದಕ್ಕೇ. ನಿಮ್ಮ ಗಾಡಿಗೆ ಮೂರು ವರ್ಷ. ಒಮ್ಮೆಯೂ ಬ್ರೇಕ್ ಆಯಿಲ್ ಬದಲಾಯಿಸಿಲ್ಲ ಅಂದರೆ ಈ ವಾರವೇ ಬದಲಾಯಿಸಿ. ಮುಂದಿನದ್ದು, ಹಿಂದಿನದ್ದು ಎರಡೂ. ‘ಟಾಪ್ ಅಪ್ ಮಾಡಿದ್ದೀವಿ ಸಾರ್’ ಅಂದರೆ ಒಪ್ಪಬೇಡಿ. ಹಳೆಯದನ್ನು ಪೂರ್ತಿ ತೆಗೆಸಿ, ಹೊಸ ಡಬ್ಬ ನಿಮ್ಮ ಎದುರಿಗೇ ಒಡೆಸಿ. ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ಕೆಲಸ ಇದು. ಹಾಗೇ ಪ್ಯಾಡ್ ಬಿಚ್ಚಿಸಿ ನೋಡಿ. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದು ಸುಟ್ಟಿದೆ ಅಂತ ಅರ್ಥ, ಹೊಸದು ಹಾಕಿಸಿ.

ಈಗ ಬಿಸಿಯನ್ನು ಇಂಜಿನ್ನಿಗೆ ಕೊಡುವುದು ಹೇಗೆ ಅಂತ ನೋಡೋಣ. ಗಾಡಿ ಗೇರಿನಲ್ಲಿದ್ದು, ಕ್ಲಚ್ ಹಿಡಿಯದೆ ಆಕ್ಸಿಲೇಟರ್ ಪೂರ್ತಿ ಬಿಟ್ಟರೆ ಇಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ಆಗ ಇಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಗೇರ್ ಕಮ್ಮಿ ಇದ್ದಷ್ಟೂ ಹಿಡಿತ ಜಾಸ್ತಿ. ಹಳೆಯ ಲಾರಿ ಡ್ರೈವರ್‌ಗಳು ಹೇಳುವ ಲೆಕ್ಕ ಸರಿಯಾಗಿದೆ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಚಾರ್ಮಾಡಿಯಲ್ಲಿ ನಿಮ್ಮ ಗಾಡಿಗೆ ಅದು ಬಹುತೇಕ ಎರಡನೇ ಗೇರು, ನೇರ ಇರುವ ಕಡೆ ಮೂರು. ಇಂಜಿನ್ ಸದ್ದು ಜೋರಾಗುತ್ತದೆ. ಹೆದರಬೇಡಿ, ಅದು ಕೆಲಸ ಮಾಡುತ್ತಿರುವ ಸದ್ದು.

ನಾನು ಇದನ್ನು ಕಲಿತ ರೀತಿ ಬೇರೆ. 1998ರಲ್ಲಿ ಗೆಳೆಯನ 100 ಸಿಸಿ ಗಾಡಿಯಲ್ಲಿ ಇಬ್ಬರು ಆಗುಂಬೆ ಇಳಿಯುತ್ತಿದ್ದೆವು. ಓಡಿಸುತ್ತಿದ್ದವನು ನಾನು. ಪೆಟ್ರೋಲ್ ಉಳಿಯಲಿ ಅಂತ ಮೇಲೇ ಇಂಜಿನ್ ಆಫ್ ಮಾಡಿದ್ದೆ. ಆಗ ಎಲ್ಲರೂ ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಇಂಜಿನ್ ಸದ್ದಿಲ್ಲದೆ ಟೈರಿನ ಸರಸರ, ಹಕ್ಕಿಗಳ ಕೂಗು ಕೇಳುತ್ತಾ ಬಹಳ ಚೆನ್ನಾಗಿತ್ತು. ನಾಲ್ಕೋ ಐದೋ ತಿರುವು ಆದ ಮೇಲೆ ಹಿಂದಿನ ಡ್ರಮ್ ಬ್ರೇಕಿನ ಪೆಡಲ್ ತುಳಿದರೆ ಅದು ನೇರ ಕೆಳಗೆ ಹೋಗಿ ಕಾಲಿಡುವ ಕಡ್ಡಿಗೇ ತಾಗಿತು. ಡ್ರಮ್ ಬಿಸಿಯಾಗಿ ಹಿಗ್ಗಿ, ಒಳಗಿನ ಶೂ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮುಂದಿನ ಬ್ರೇಕ್ ಹಿಂಡಿಕೊಂಡು ಗಾಡಿಯನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿದೆ. ಕಂದಕದ ಕಡೆ ಹೋಗಲಿಲ್ಲ ಅನ್ನುವುದಷ್ಟೇ ಸಮಾಧಾನ. ಗೆಳೆಯನ ಕೊರಳ ಎಲುಬು ಮುರಿಯಿತು. ನ್ಯೂಟ್ರಲ್‌ನಲ್ಲಾಗಲಿ, ಕ್ಲಚ್ ಹಿಡಿದಾಗಲಿ, ಇಂಜಿನ್ ಆಫ್ ಮಾಡಿಯಾಗಲಿ ಘಾಟಿ ಇಳಿಯಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಅವತ್ತಿನಿಂದ. ಈಗಿನ ಗಾಡಿಗಳಲ್ಲಿ ಪೆಟ್ರೋಲಿನ ಆಸೆಗೂ ಅರ್ಥವಿಲ್ಲ. ಫ್ಯುಯೆಲ್ ಇಂಜೆಕ್ಷನ್ ಇರುವ ಇಂಜಿನ್, ಗೇರಿನಲ್ಲಿದ್ದು ಆಕ್ಸಿಲೇಟರ್ ಬಿಟ್ಟು ಇಳಿಯುವಾಗ ಹೆಚ್ಚಿನ ಹೊತ್ತು ಪೆಟ್ರೋಲ್ ಬಿಡುವುದೇ ಇಲ್ಲ.

ಹಾಗಾದರೆ ಬ್ರೇಕ್ ಯಾವಾಗ? ತಿರುವಿಗೆ ಮೊದಲು, ಗಾಡಿ ನೆಟ್ಟಗೆ ಇರುವಾಗ. ಎರಡೂ ಬ್ರೇಕ್ ಒಟ್ಟಿಗೆ, ಮುಂದಿನದ್ದು ಸ್ವಲ್ಪ ಜಾಸ್ತಿ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಹಾಗಾಗಿ ನಿಜವಾಗಿ ನಿಲ್ಲಿಸುವುದು ಅದೇ. ‘ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ’ ಅಂತ ಚಿಕ್ಕಂದಿನಲ್ಲಿ ಸೈಕಲ್ ಕಲಿಯುವಾಗ ಕೇಳಿದ ಮಾತು ನಮ್ಮೆಲ್ಲರ ಕೈಯಲ್ಲಿ ಕೂತಿದೆ. ಒಮ್ಮೆಲೇ ಕಿತ್ತು ಹಿಡಿದರೆ ಬೀಳುತ್ತೀರಿ, ನಿಜ. ನಿಂಬೆಹಣ್ಣು ಹಿಂಡುವ ಹಾಗೆ ನಿಧಾನವಾಗಿ ಬಿಗಿ ಮಾಡಿದರೆ ಬೀಳುವುದಿಲ್ಲ. ವೇಗ ಇಳಿಸಿ, ಬ್ರೇಕ್ ಪೂರ್ತಿ ಬಿಡಿ, ಆಮೇಲೆ ತಿರುಗಿಸಿ. ಬಿಟ್ಟ ಆ ಹೊತ್ತಿನಲ್ಲೇ ಡಿಸ್ಕ್ ತಣ್ಣಗಾಗುತ್ತದೆ. ಸದಾ ಮೆಲ್ಲಗೆ ಒತ್ತಿಕೊಂಡೇ ಇರುವುದು ಗಾಡಿಗೆ ನೀವು ಮಾಡುವ ಅತಿ ಕೆಟ್ಟ ಕೆಲಸ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ಹಾಗಾಗಿ ನಿಮ್ಮ ಗಾಡಿಯಲ್ಲೂ ಇದೆ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ಬ್ರೇಕ್ ಬಿಸಿಯಾಗುವುದನ್ನು ತಡೆಯುವುದಿಲ್ಲ.

ತಿರುವಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಡಕ್ಕೆ ಓಡಿಸುವುದರಿಂದ ಎಡ ಹೇರ್‌ಪಿನ್ ಮತ್ತು ಬಲ ಹೇರ್‌ಪಿನ್ ಒಂದೇ ಥರ ಅಲ್ಲ. ಎಡಕ್ಕೆ ತಿರುಗುವಾಗ ನೀವು ಒಳಗಿನ ಅಂಚಿನಲ್ಲಿರುತ್ತೀರಿ. ಜಾಗ ಕಮ್ಮಿ, ಅಲ್ಲೇ ಇಳಿಜಾರು ಕಡಿದು. ವೇಗ ಒಂಚೂರು ಜಾಸ್ತಿ ಆದರೂ ಗಾಡಿ ಹೊರಕ್ಕೆ ಸರಿದು ಎದುರಿನವರ ದಾರಿಗೆ ಹೋಗುತ್ತದೆ. ಅಲ್ಲಿ ಪೂರ್ತಿ ನಿಧಾನ ಮಾಡಿ, ಬೇಕಿದ್ದರೆ ಮೊದಲ ಗೇರು. ಬಲ ತಿರುವು ಅಗಲವಾಗಿ, ಸುಲಭವಾಗಿ ಕಾಣುತ್ತದೆ. ಅಲ್ಲಿ ಬೇರೆಯೇ ಅಪಾಯ ಇದೆ. ಗಾಡಿ ಬಲಕ್ಕೆ ಬಾಗಿದಾಗ ಟೈರು ನಿಮ್ಮ ಲೇನಿನಲ್ಲೇ ಇರುತ್ತದೆ, ತಲೆ ಮಾತ್ರ ಮಧ್ಯದ ಗೆರೆ ದಾಟಿ ಆಚೆ ಹೋಗಿರುತ್ತದೆ. ಎದುರಿನಿಂದ ಬಸ್ಸು ಬರುವುದೂ ಅಲ್ಲೇ. ಬಲ ತಿರುವಿನಲ್ಲಿ ರಸ್ತೆಯ ಎಡ ಅಂಚಿಗೇ ಅಂಟಿಕೊಂಡಿರಿ.

ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ಇದು ಅಕ್ಷರಶಃ ನಿಜ. ತಡೆಗೋಡೆಯನ್ನೇ ನೋಡುತ್ತಾ ಹೋದರೆ ತಡೆಗೋಡೆಗೇ ಹೋಗುತ್ತೀರಿ. ಗದ್ದವನ್ನು ತಿರುಗಿಸಿ ತಿರುವಿನ ಆಚೆ ತುದಿಯನ್ನು ನೋಡಿ. ಮೊಣಕಾಲಿನಿಂದ ಟ್ಯಾಂಕನ್ನು ಹಿಡಿಯಿರಿ, ಮೊಣಕೈ ಸಡಿಲ ಬಿಡಿ. ಹೆದರಿದಾಗ ಕೈ ಸೆಟೆಯುತ್ತದೆ, ಸೆಟೆದ ಕೈಯಿಂದ ಹ್ಯಾಂಡಲ್ ತಿರುಗುವುದಿಲ್ಲ. ನಾನು ಹೊಸಬರ ಹಿಂದೆ ಓಡಿಸುವಾಗ ಅವರ ಭುಜ ನೋಡುತ್ತೇನೆ. ಭುಜ ಕಿವಿಯ ಹತ್ತಿರ ಬಂದಿದ್ದರೆ ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ ನೀರು ಕುಡಿಸುತ್ತೇನೆ.

ಇನ್ನು ಬಸ್ಸು. ಹೇರ್‌ಪಿನ್ ತಿರುಗುವ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು. ಮುಂದಿನ ಮೂತಿ ಹೊರ ಅಂಚಿಗೆ ಹೋಗುತ್ತದೆ, ಹಿಂದಿನ ಚಕ್ರ ಒಳ ಅಂಚನ್ನು ಕೊರೆದುಕೊಂಡು ಬರುತ್ತದೆ. ಮೂತಿಯ ಪಕ್ಕ ಜಾಗ ಇದೆಯಲ್ಲಾ ಅಂತ ನುಗ್ಗಿದವರನ್ನು ಹಿಂದಿನ ಚಕ್ರ ಒತ್ತುತ್ತದೆ. ತಿರುವಿಗೆ ಮೊದಲು ಹಾರ್ನ್ ಹಾಕಿ. ಆ ಕಡೆಯಿಂದ ಹಾರ್ನ್ ಬಂದರೆ ತಿರುವಿಗೆ ಇಪ್ಪತ್ತು ಅಡಿ ಮೊದಲೇ ನಿಂತು ಅವರನ್ನು ಬಿಡಿ. ರಸ್ತೆ ಕಿರಿದಾದ ಕಡೆ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ಮರ್ಯಾದೆ ಮಾತ್ರ ಅಲ್ಲ, ಕಾನೂನು ಕೂಡ. ಏರಿನಲ್ಲಿ ನಿಂತ ತುಂಬಿದ ಬಸ್ಸು ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಶಿರಾಡಿ ಸುಲಭವಾ ಅಂತ ಕೇಳಿದ್ದೀರಿ. ತಿರುವಿನ ಮಟ್ಟಿಗೆ ಹೌದು, ಅದು ಅಗಲವಾದ ದಾರಿ. ಆದರೆ ಮಂಗಳೂರು ಬಂದರಿನಿಂದ ಬೆಂಗಳೂರಿಗೆ ಬರುವ ಟ್ಯಾಂಕರು, ಕಂಟೇನರು ಎಲ್ಲ ಅದೇ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡುತ್ತವೆ. ಎರಡು ಟ್ಯಾಂಕರ್ ನಡುವೆ ಸಿಕ್ಕಿಕೊಂಡು ಇಳಿಯುವುದಕ್ಕಿಂತ ಚಾರ್ಮಾಡಿಯ ತಿರುವೇ ವಾಸಿ. ಉಜಿರೆಗೆ ಹೋಗುವವರಿಗೆ ಚಾರ್ಮಾಡಿ ನೇರ ಕೂಡ. ನಾನಾಗಿದ್ದರೆ ಚಾರ್ಮಾಡಿಗೇ ಹೋಗುತ್ತೇನೆ, ಹಗಲಿನಲ್ಲಿ.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಸೇರುವಾಗ 270 ಕಿಲೋಮೀಟರ್ ಹತ್ತಿರ ಆಗಿರುತ್ತದೆ. ಏಳು ಗಂಟೆ ಹೆದ್ದಾರಿಯಲ್ಲಿ ಗಾಳಿಗೆ ಎದೆ ಕೊಟ್ಟು ಓಡಿಸಿ, ಬೆನ್ನು ನೋಯುತ್ತಿರುವಾಗ ಘಾಟಿ ಶುರುವಾಗುತ್ತದೆ. ಮೊದಲ ಸಲ ಹೋಗುವವರು ಎಡವುವುದು ಇಲ್ಲೇ. ದಯವಿಟ್ಟು ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ರಾತ್ರಿ ಉಳಿಯಿರಿ. ಬೆಳಿಗ್ಗೆ ಎದ್ದು, ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ಒಂಬತ್ತರ ಮೇಲೆ ಮಂಜು ಕರಗಿದಾಗ ಇಳಿಯಲು ಶುರು ಮಾಡಿ. ಬೆಳಕು ಹರಿಯುವ ಮೊದಲು ಬೇಡ. ಮೂಡಿಗೆರೆ ಸೀಮೆಯಲ್ಲಿ ಆನೆ ಕಾಟ ಇದೆ, ಮಂಜಿನಲ್ಲಿ ಆನೆ ಕಾಣುವುದು ಬಹಳ ಹತ್ತಿರ ಬಂದ ಮೇಲೆ.

ದಿನವನ್ನೂ ನೋಡಿ ಆರಿಸಿ. ದೀಪಾವಳಿ ಆದ ತಕ್ಷಣ ಅಂದರೆ ಘಟ್ಟದಲ್ಲಿ ಇನ್ನೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೇಲು. ಆಗ ಮಳೆ ಇಲ್ಲ, ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ. 2019ರ ಆಗಸ್ಟಿನಲ್ಲಿ ಇದೇ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಮಳೆಗಾಲದಲ್ಲಿ ಸಂಚಾರ ನಿಲ್ಲಿಸುವುದು, ರಾತ್ರಿ ಬಿಡದಿರುವುದು ನಡೆಯುತ್ತಲೇ ಇರುತ್ತದೆ. ಹೊರಡುವ ಹಿಂದಿನ ದಿನ ಉಜಿರೆಯ ಭಾವಮೈದನಿಗೇ ಒಂದು ಫೋನ್ ಮಾಡಿ, ರಸ್ತೆ ಹೇಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ.

ಬಿಸಿಲು ಬೀಳದ ತಿರುವುಗಳಲ್ಲಿ ಮಳೆ ನಿಂತು ಎಷ್ಟೋ ದಿನವಾದರೂ ರಸ್ತೆಯ ಅಂಚು ಹಸಿರಾಗಿ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಒದ್ದೆ ಎಲೆ ಬಿದ್ದಿದ್ದರೆ ಸೋಪಿನ ಹಾಗೆ. ಎಡ ಅಂಚಿಗೆ ಹೋಗಿ ಅಂದೆನಲ್ಲ, ಪಾಚಿ ಕಂಡರೆ ಒಂದು ಅಡಿ ಒಳಗೆ ಬನ್ನಿ, ಅದರ ಮೇಲೆ ಬ್ರೇಕ್ ಮುಟ್ಟಬೇಡಿ. ಡಿಸೆಂಬರ್ ಆದರೆ ಕಾಫಿ ಕೊಯ್ಲು, ಮೂಡಿಗೆರೆ ಕಡೆ ತೋಟದಿಂದ ಬರುವ ಟ್ರ್ಯಾಕ್ಟರು ರಸ್ತೆಗೆ ಕೆಸರು ತರುತ್ತದೆ. ಮಂಜು ಸಿಕ್ಕರೆ ಹೆಡ್‌ಲೈಟ್ ಡಿಮ್ಮಿನಲ್ಲಿರಲಿ, ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನೋಟ ನೋಡಬೇಕು ಅನ್ನಿಸಿದರೆ ಅಗಲ ಜಾಗ ಸಿಕ್ಕಾಗ ಪೂರ್ತಿ ರಸ್ತೆಯಿಂದ ಇಳಿದು ನಿಲ್ಲಿಸಿ, ಓಡಿಸುತ್ತಾ ನೋಡಬೇಡಿ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಡ್ರೈವರ್‌ಗಳು ನಿಲ್ಲಿಸಿ ಕೈಮುಗಿಯುತ್ತಾರೆ, ನೀವೂ ನಿಲ್ಲಿಸಿ. ಕೈಗೂ ವಿಶ್ರಾಂತಿ, ಡಿಸ್ಕಿಗೂ ವಿಶ್ರಾಂತಿ. ಅಲ್ಲಲ್ಲಿ ಕಾಣುವ ಜಲಪಾತದ ಬಂಡೆ ಮಾತ್ರ ಹತ್ತಬೇಡಿ, ಸುಮ್ನೆ ಒಂದು ಫೋಟೋಗೆ ಜಾರಿ ಬಿದ್ದವರಿದ್ದಾರೆ.

ಹೊರಡುವ ಮೊದಲು ಎರಡು ಭಾನುವಾರ ನನಗೆ ಕೊಡಿ. ಮೊದಲನೆಯದು ಯಾವುದಾದರೂ ಖಾಲಿ ಮೈದಾನದಲ್ಲಿ. ಎರಡು ಕಲ್ಲಿಟ್ಟು, ಕಾಲು ನೆಲಕ್ಕೆ ಇಡದೆ ಎಡಕ್ಕೂ ಬಲಕ್ಕೂ ಯು ಟರ್ನ್ ಹೊಡೆಯಿರಿ. ಮೊದಲು ಒಬ್ಬರೇ, ಆಮೇಲೆ ಮನೆಯವರನ್ನು ಕೂರಿಸಿಕೊಂಡು. ಎರಡನೆಯದು ತುಮಕೂರಿನ ಹತ್ತಿರ ದೇವರಾಯನದುರ್ಗದಲ್ಲಿ. ಭಾನುವಾರದ ನಂದಿಯಲ್ಲಿ ಕಾರಿನ ಸಾಲೇ ಜಾಸ್ತಿ, ಕಲಿಯಲು ಆಗುವುದಿಲ್ಲ. ದುರ್ಗದ ಇಳಿಜಾರಿನಲ್ಲಿ ಎಷ್ಟು ಸಲ ಬ್ರೇಕ್ ಮುಟ್ಟಿದಿರಿ ಅಂತ ಬಾಯಿಬಿಟ್ಟು ಎಣಿಸಿ. ಮತ್ತೆ ಹತ್ತಿ, ಎರಡನೇ ಗೇರಿನಲ್ಲಿ ಇಳಿದು ಮತ್ತೆ ಎಣಿಸಿ. ಮೂರನೇ ಸಲಕ್ಕೆ ಲೆಕ್ಕ ಅರ್ಧದಷ್ಟಾದರೂ ಇಳಿದಿರಬೇಕು. ಕೆಳಗೆ ಬಂದ ಮೇಲೆ ಡಿಸ್ಕಿನ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಒಂದು ಗೇಣು ದೂರದಿಂದ ಸಾಕು. ಮೊದಲ ಸಲಕ್ಕೂ ಮೂರನೇ ಸಲಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಅಂಗೈಯೇ ಹೇಳುತ್ತದೆ.

ಮನೆಯವರ ವಿಷಯ ಕೊನೆಗೆ ಇಟ್ಟುಕೊಂಡೆ, ಅದು ಚಿಕ್ಕದು ಅಂತ ಅಲ್ಲ. ಇಳಿಜಾರಿನಲ್ಲಿ ಹಿಂದೆ ಕೂತವರು ಮುಂದಕ್ಕೆ ಜಾರಿ ಓಡಿಸುವವರ ಬೆನ್ನಿಗೆ ಒರಗುತ್ತಾರೆ. ಆ ಭಾರವೆಲ್ಲ ನಿಮ್ಮ ಅಂಗೈಗೆ ಬಂದು ಹ್ಯಾಂಡಲ್ ಬಿಗಿಯುತ್ತದೆ. ಅವರು ಒಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದು, ಇನ್ನೊಂದನ್ನು ನಿಮ್ಮ ಸೊಂಟಕ್ಕೆ ಹಾಕಿ, ಕಾಲೂರಿ ಕೂರಲಿ. ತಿರುವಿನಲ್ಲಿ ನಿಮ್ಮ ಒಳಭುಜದ ಮೇಲಿಂದ ಮುಂದಕ್ಕೆ ನೋಡಲಿ. ಹಾಗೆ ನೋಡಿದರೆ ಮೈ ತಾನಾಗಿ ಸರಿಯಾಗಿ ಬಾಗುತ್ತದೆ. ಎರಡೂ ಕಾಲು ಆಚೆ ಈಚೆ ಹಾಕಿಯೇ ಕೂರಬೇಕು. ಸೀರೆ, ದುಪಟ್ಟಾ ಅವತ್ತಿಗೆ ಬೇಡ, ಚಕ್ರಕ್ಕೆ ಸುತ್ತಿಕೊಂಡರೆ ಕ್ಷಣ ಸಾಕು. ಇಬ್ಬರಿಗೂ ಐಎಸ್ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಗಟ್ಟಿ ಶೂ. ಹಿಂದಿನ ಟೈರಿಗೆ ಇಬ್ಬರು ಕೂತಾಗ ಎಷ್ಟು ಗಾಳಿ ಇರಬೇಕು ಅಂತ ಗಾಡಿಯ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ, ಅಷ್ಟು ಹಾಕಿಸಿ. ಬೆನ್ನಿಗೆ ಎರಡು ಸಲ ತಟ್ಟಿದರೆ ‘ನಿಲ್ಲಿಸಿ’ ಅಂತ ಮೊದಲೇ ಮಾತಾಡಿಕೊಳ್ಳಿ. ಅವರು ತಟ್ಟಿದರೆ ಏನು, ಯಾಕೆ ಅಂತ ಕೇಳದೆ ಮೊದಲು ಜಾಗ ನೋಡಿ ನಿಲ್ಲಿಸಿ. ಹೆದರಿಕೆಯನ್ನು ಬಾಯಲ್ಲಿ ಹೇಳಲು ಎಷ್ಟೋ ಜನಕ್ಕೆ ಸಂಕೋಚ.

ವಾಪಸು ಬರುವಾಗಿನದ್ದು ಸುಲಭ. ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳಿ, ತಿರುವಿನ ನಡುವೆ ಬದಲಾಯಿಸಬೇಡಿ. ಏರಿನಲ್ಲಿ ನಿಂತರೆ ಹಿಂದಿನ ಬ್ರೇಕ್ ಒತ್ತಿಕೊಂಡು, ಕ್ಲಚ್ ಹಿಡಿಯುವ ಜಾಗ ಬಂದ ಮೇಲೆ ಬ್ರೇಕ್ ಬಿಡಿ. ಇದನ್ನೂ ದುರ್ಗದಲ್ಲೇ ಅಭ್ಯಾಸ ಮಾಡಿಕೊಳ್ಳಬಹುದು.

ನಿಮ್ಮ ಭಾವಮೈದನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವತ್ತು ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದಿದ್ದರೆ, ಅಥವಾ ಹತ್ತು ಗಂಟೆಯಾದರೂ ಮಂಜಿನಲ್ಲಿ ಎದುರಿನ ಅಂಗಡಿ ಕಾಣದಿದ್ದರೆ, ಮೊದಲು ಕಾಯಿರಿ. ಕಾದರೂ ಬಿಡದಿದ್ದರೆ ಮನೆಯವರನ್ನು ಅಲ್ಲೇ ಉಜಿರೆಗೆ ಹೋಗುವ ಬಸ್ಸಿಗೆ ಹತ್ತಿಸಿ. ಬ್ಯಾಗೂ ಅವರ ಜೊತೆ ಹೋಗಲಿ. ಮಂಜು ತೆಳುವಾದ ಮೇಲೆ ನೀವು ಎರಡನೇ ಗೇರಿನಲ್ಲಿ ಒಬ್ಬರೇ ನಿಧಾನವಾಗಿ ಇಳಿಯಿರಿ. ಅವರನ್ನು ಉಜಿರೆ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಹತ್ತಿಸಿಕೊಂಡು ಮಾವನ ಮನೆಗೆ ಹೋದರಾಯಿತು.